ಮೂರು ಹಲ್ಲಿನ ಹಿಡಿಕೆ

ಹೊಟ್ಟೆಯೇ ಇಲ್ಲದವರಿಗೂ ಹೊಟ್ಟೆಕಿಚ್ಚು ಬರುತ್ತದೆ. ನನ್ನನ್ನೇ ನೋಡಿ. ಅಂಗೈ ಅಗಲದ ಒಂದು ತಗಡು, ಅದರ ಎರಡು ಬದಿಗೆ ಎರಡು ಕಿವಿ, ನಡುವೆ ಮೇಲಕ್ಕೆ ಎದ್ದು ನಿಂತ ಮೂರು ಮೊಳೆ, ಮೇಲಿನಿಂದ ಅದುಮಿ ಹಿಡಿಯಲು ಒಂದು ಬಾಗಿದ ಸರಳು. ಇಷ್ಟೇ ನಾನು. ಹಿಮದ ಮೇಲೆ ಜಾರುವವರು ಕಾಲಿಗೆ ಹಾಕಿಕೊಳ್ಳುವ ಉದ್ದನೆಯ ಹಲಗೆಯಿದೆಯಲ್ಲ, ಅದರ ನಡುಮಧ್ಯೆ ನನ್ನನ್ನು ತಿರುಪು ಹಾಕಿ ಕೂರಿಸುತ್ತಾರೆ. ಓದಿದವರು ನನ್ನನ್ನು ಬೈಂಡಿಂಗ್ ಎನ್ನುತ್ತಾರೆ. ಭರಮಣ್ಣ ಹಿಡಿಕೆ ಎಂದ. ನಾನು ಎಡಗಾಲಿನವನು. ಬಲಗಾಲಿಗೆ ಇನ್ನೊಬ್ಬನಿದ್ದ. ಪಾಪದವನು, ಯಾರ ಸುದ್ದಿಗೂ ಹೋಗುತ್ತಿರಲಿಲ್ಲ.

ಮನಾಲಿಯಿಂದ ಮೇಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಮೋತಿರಾಮ ಎಂಬ ಕಮ್ಮಾರನ ಕುಲುಮೆ ಇತ್ತು. ಹಳೆಯ ಲಾರಿಯ ತಗಡಿನಿಂದ ಅವನು ನನ್ನನ್ನು ಕತ್ತರಿಸಿ, ಬಡಿದು, ಮೂರು ಮೊಳೆ ನೆಟ್ಟು, ಮೊಳೆಗಳ ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದ. ಆಗ ಎದುರಿನ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದವನೇ ಭರಮಣ್ಣ. ಅಥಣಿಯ ಕಡೆಯವನು, ಚಪ್ಪಲಿ ಹೊಲಿಯುವ ಮನೆತನ. ಸೈನ್ಯದಲ್ಲಿ ಬೂಟು ರಿಪೇರಿ ಕೆಲಸಕ್ಕೆ ಸೇರಿ, ಬೆಟ್ಟದಿಂದ ಬೆಟ್ಟಕ್ಕೆ ಅಲೆದು, ನಿವೃತ್ತನಾದ ಮೇಲೆ ಅಲ್ಲೇ ಒಂದು ಸ್ಕೀಯಿಂಗ್ ಶಾಲೆಯಲ್ಲಿ ಬೂಟು ನೋಡಿಕೊಳ್ಳುವವನಾಗಿ ಉಳಿದುಬಿಟ್ಟಿದ್ದ. ಜೊತೆಗೆ ಹೆಂಡತಿ ತಾಯವ್ವ, ಮಗಳು ಸುಗಂಧಾ. ಆ ಚಳಿಯಲ್ಲಿ ಅಥಣಿಯ ಮಾತು ಕೇಳುತ್ತಿದ್ದದ್ದು ಅವರ ಒಂದೇ ಮನೆಯಲ್ಲಿ.

ನನ್ನನ್ನು ಮಾಡಿಸಿದ್ದು ಸುಗಂಧಾಳಿಗಾಗಿ. ಅವಳಿಗೆ ಆಗ ಹತ್ತೊಂಬತ್ತು. ಉಳಿದವರು ಕಾಲಿನ ಬೆರಳನ್ನೂ ಹಿಮ್ಮಡಿಯನ್ನೂ ಎರಡನ್ನೂ ಹಲಗೆಗೆ ಬಿಗಿದುಕೊಂಡು ಜಾರಿದರೆ, ಅವಳು ಹಿಮ್ಮಡಿಯನ್ನು ಬಿಟ್ಟು ಜಾರುವವಳು. ಬೂಟಿನ ಮೂಗು ಮಾತ್ರ ನನ್ನ ಹಲ್ಲಿನಲ್ಲಿ, ಹಿಮ್ಮಡಿ ಗಾಳಿಯಲ್ಲಿ. ತಿರುವು ಬಂದಾಗ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ, ಹಿಂದಿನ ಮಂಡಿ ಹಲಗೆಗೆ ತಾಗುವಷ್ಟು ಬಗ್ಗುತ್ತಾಳೆ. ನೋಡಲು ಸೊಗಸು. ಭಾರವೆಲ್ಲ ಬೀಳುವುದು ನನ್ನ ಮೇಲೆ.

ನನ್ನ ಹಲ್ಲಿಗೆ ಸಿಗಬೇಕಾದ ಬೂಟನ್ನು ಭರಮಣ್ಣನೇ ಹೊಲಿದ. ಅದನ್ನು ಮೊದಲ ಸಲ ಕಂಡ ದಿನವೇ ನನ್ನ ನೆಮ್ಮದಿ ಹೋಯಿತು. ಜೇನುಬಣ್ಣದ ಎಮ್ಮೆಯ ಚರ್ಮ. ಅಡಿಯ ಅಟ್ಟೆಯನ್ನು ಮುಂದಕ್ಕೆ ಬಾತುಕೋಳಿಯ ಕೊಕ್ಕಿನಂತೆ ಚಾಚಿ, ಕೆಳಗಿನಿಂದ ಮೂರು ತೂತು ಕೊರೆದಿದ್ದ. ಆ ತೂತುಗಳು ನನ್ನ ಮೂರು ಮೊಳೆಗಾಗಿ. ಅಷ್ಟಕ್ಕೆ ಸುಮ್ಮನಿರಬಾರದೇ? ಕಣಕಾಲಿನ ಸುತ್ತ ತಾಯವ್ವ ಕೈಯಿಂದ ಹೆಣೆದ ಚರ್ಮದ ಜಡೆ ಬೇರೆ. ಹಿಮದಲ್ಲಿ ಹೂತುಹೋಗುವ ಬೂಟಿಗೆ ಜಡೆ ಏಕೆ, ಹೇಳಿ. ಹೆತ್ತವರಿಗೆ ಹೆಗ್ಗಣ ಮುದ್ದು.

ಬೂಟು ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಅಲ್ಲಿಯವರೆಗೆ ಆ ಶಾಲೆಯಲ್ಲಿದ್ದ ಬೂಟುಗಳ ಅಟ್ಟೆ ನೇಗಿಲಿನ ಹಾಗೆ ಬಿರುಸು. ಹಿಮ್ಮಡಿ ಎತ್ತಿದರೆ ಬೆರಳು ಜಜ್ಜುತ್ತಿತ್ತು. ಕೋಚ್ ಠಾಕುರ್ ಸಾಹೇಬರಿಗೆ ಅದರ ಗುಟ್ಟು ಸಿಕ್ಕಿರಲಿಲ್ಲ. ಭರಮಣ್ಣ ಒಂದು ಚಪ್ಪಲಿ ಹಾಕಿಕೊಂಡು ಅವರ ಮುಂದೆ ನಾಲ್ಕು ಹೆಜ್ಜೆ ನಡೆದು ತೋರಿಸಿದ. ಆಮೇಲೆ ಮನೆಗೆ ಬಂದು ಹೆಂಡತಿಗೆ ನಗುತ್ತ ಹೇಳಿದ:

“ಇಷ್ಟ ಓದಿದವರಿಗೆ ಇದು ತಿಳೀಲಿಲ್ಲ ನೋಡು. ಚಪ್ಪಲಿ ಹಾಕ್ಕೊಂಡು ನಡದ್ರ ಹಿಮ್ಮಡ ತಾನ ಏಳತೈತಿ. ಅಟ್ಟಿ ಎಲ್ಲಿ ಬಗ್ಗಬೇಕು ಅನ್ನೂದು ನಮ್ಮ ಮನಿತನಕ್ಕ ಗೊತ್ತಿಲ್ದ ಇನ್ಯಾರಿಗಿ ಗೊತ್ತು?”

ಬೆರಳಿನ ಬುಡ ಎಲ್ಲಿದೆಯೋ ಸರಿಯಾಗಿ ಅಲ್ಲಿ ಬಗ್ಗುವಂತೆ, ಆದರೆ ಕಣಕಾಲು ಅತ್ತಿತ್ತ ಹೊರಳದಂತೆ ಅವನು ಹೊಲಿದ ಬೂಟನ್ನು ನೋಡಲು ಬೇರೆ ಬೇರೆ ಶಾಲೆಯವರು ಬಂದರು. ಕೈಯಲ್ಲಿ ಹಿಡಿದರು, ಬಗ್ಗಿಸಿದರು, ಜಡೆ ಸವರಿದರು. ನನ್ನ ಕಡೆ ಒಬ್ಬನಾದರೂ ತಿರುಗಿ ನೋಡಿದ್ದರೆ ಕೇಳಿ. ನಾನು ಬಿಟ್ಟರೆ ಆ ಸುಂದರಾಂಗ ಬೂಟು ಹಲಗೆಯಿಂದ ಹಾರಿ ಹೋಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಸಂಜೆಯಾದರೆ ನನ್ನ ಸಂಕಟ ಹೆಚ್ಚುತ್ತಿತ್ತು. ಹಲಗೆಗಳನ್ನು ಅವರ ಮನೆಯ ಹೊರಬಾಗಿಲಿಗೆ ಆನಿಸಿ ನಿಲ್ಲಿಸುತ್ತಿದ್ದರು. ನನ್ನ ಹಲ್ಲಿನ ಸಂದಿಯಲ್ಲಿ ಗಟ್ಟಿಯಾದ ಹಿಮವನ್ನು ಸುಗಂಧಾ ಒಂದು ಕಟ್ಟಿಗೆ ಚೂರಿನಿಂದ ಕುಟ್ಟಿ ಬೀಳಿಸುವಳು. ನನಗೆ ಸಿಗುತ್ತಿದ್ದ ಆರೈಕೆ ಅದೊಂದೇ. ಬೂಟು ಮಾತ್ರ ಒಳಗೆ, ಒಲೆಯ ಮಗ್ಗುಲಿಗೆ. ಬಾಗಿಲ ಸಂದಿಯಿಂದ ನನಗೆಲ್ಲ ಕಾಣುತ್ತಿತ್ತು. ಭರಮಣ್ಣ ಬೂಟನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಚ್ಚಗೆ ಮಾಡಿದ ಶೇಂಗಾ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ಕೊಕ್ಕಿನಿಂದ ಹಿಮ್ಮಡಿಯವರೆಗೆ ತಿಕ್ಕುತ್ತಿದ್ದ. ಅಥಣಿಯಲ್ಲಿ ಅವನ ಅಪ್ಪ ಚಪ್ಪಲಿಗೆ ಹಾಗೆಯೇ ತಿಕ್ಕುತ್ತಿದ್ದನಂತೆ.

“ಚರ್ಮ ಎಣ್ಣಿ ಕುಡೀಬೇಕು. ಕುಡದಷ್ಟೂ ಮಿದು ಆಗತೈತಿ, ಮಿದು ಆದಷ್ಟೂ ಬಾಳತೈತಿ” ಎಂದು ಅವನು ಮಗಳಿಗೆ ದಿನವೂ ಹೇಳುವನು.

ಚಪ್ಪಲಿಯ ಮಟ್ಟಿಗೆ ಆ ಮಾತು ಸರಿ. ಚಪ್ಪಲಿಯ ಮೂಗನ್ನು ಯಾರೂ ಮೂರು ಮೊಳೆಗೆ ಸಿಕ್ಕಿಸಿ ಬೆಟ್ಟದ ಮೇಲಿನಿಂದ ಎಳೆದಾಡುವುದಿಲ್ಲ. ಈ ಬೂಟಿಗೆ ಬಗ್ಗುವಲ್ಲಿ ಮೆದು ಬೇಕು, ಮೂಗಿನಲ್ಲಿ ಕಲ್ಲಿನಂಥ ಗಟ್ಟಿ ಬೇಕು. ಭರಮಣ್ಣ ಎರಡಕ್ಕೂ ಒಂದೇ ಎಣ್ಣೆ ಕುಡಿಸಿದ.

ಮೊದಲು ತಿಳಿದದ್ದು ನನಗೇ. ಎರಡನೆಯ ಚಳಿಗಾಲದ ಹೊತ್ತಿಗೆ ನನ್ನ ಮೊಳೆಗಳ ಸುತ್ತ ಆ ತೂತುಗಳು ದಿನಕ್ಕೆ ಒಂದಿಷ್ಟು ಸಡಿಲಾಗತೊಡಗಿದವು. ಮೊದಲು ಬಿಗಿಯಾಗಿ ಕೂರುತ್ತಿದ್ದ ಮೂಗು ಈಗ ತಿರುವಿನಲ್ಲಿ ಅಳ್ಳಾಡುತ್ತಿತ್ತು. ಸುಳ್ಳು ಹೇಳಲಾರೆ, ನನಗೆ ಖುಷಿಯಾಯಿತು. ಕುಡಿ ಮಗನೇ, ಕುಡಿ ಎಂದುಕೊಂಡೆ. ಒಲೆಯ ಪಕ್ಕ ಮಲಗಿ ಎಷ್ಟು ಎಣ್ಣೆ ಕುಡಿಯುತ್ತೀಯೋ ಅಷ್ಟು ಬೇಗ ನಿನ್ನ ಮೂಗು ಹರಿಯುತ್ತದೆ. ಆ ಮೂಗಿನ ಒಳಗೆ ಸುಗಂಧಾಳ ಕಾಲಿದೆ ಎನ್ನುವುದು ಆಗ ನನ್ನ ತಲೆಗೆ ಬರಲೇ ಇಲ್ಲ.

ಆ ವರ್ಷ ಫೆಬ್ರುವರಿಯಲ್ಲಿ ರಾಜ್ಯ ತಂಡದ ಆಯ್ಕೆಗೆ ಹಿಮದ ಮೇಲೆ ಜಾರುವ ಓಟವಿತ್ತು. ಮೊದಲ ಮೂವರಲ್ಲಿ ಬಂದವರಿಗೆ ಮಾತ್ರ ಜಾಗ. ಸುಗಂಧಾಳಿಗೆ ಅದೇ ಕನಸು, ಊಟದ ತಟ್ಟೆಯ ಮುಂದೆಯೂ ಅದೇ ಮಾತು. ಓಟಕ್ಕೆ ಹದಿನೈದು ದಿನ ಇದ್ದಾಗ ಠಾಕುರ್ ಸಾಹೇಬರು ಹೊರದೇಶದಿಂದ ತರಿಸಿದ ಒಂದು ಜೊತೆ ಪ್ಲಾಸ್ಟಿಕ್ ಬೂಟು ತಂದು ಅವಳ ಮುಂದೆ ಇಟ್ಟರು. ಕೆಂಪು ಬಣ್ಣ, ನಾಲ್ಕು ಕೊಂಡಿ, ಬೆರಳ ಬುಡದಲ್ಲಿ ಬಗ್ಗಲು ಸುಕ್ಕು ಸುಕ್ಕಾದ ಪಟ್ಟಿ. ಅವಳು ಅದನ್ನು ಹಾಕಿಕೊಂಡು ನನ್ನೊಳಗೆ ಕಾಲಿಟ್ಟಾಗ ಮೂರು ಮೊಳೆಯೂ ಟಕ್ ಎಂದು ಕೂತವು. ಹಂದಾಡಲಿಲ್ಲ. ಅಂಥ ಗಟ್ಟಿ ಮೂಗು ನಾನು ಕಂಡಿರಲಿಲ್ಲ.

ಭರಮಣ್ಣ ಇಳಿಜಾರಿನ ಕೆಳಗೆ ನಿಂತು ನೋಡುತ್ತಿದ್ದ. ಮಗಳು ಸರ್ರನೆ ಇಳಿದು ಬಂದು ನಿಂತಾಗ ಎಲ್ಲರೂ ಶಹಬ್ಬಾಸ್ ಎಂದರು. ಅವನೊಬ್ಬ ಬೀಡಿ ಹಚ್ಚಲು ಹೋಗಿ ಮೂರು ಕಡ್ಡಿ ಕೆಡಿಸಿದ. ಆ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ನನ್ನ ರೋಗವೇ ಅದು. ಅಂದು ಸಂಜೆ ಅವನು ಊಟಕ್ಕೆ ಏಳಲಿಲ್ಲ.

“ಹಸವಿಲ್ಲ” ಎಂದ.

“ಬೂಟಿನ ಮ್ಯಾಲಿನ ಸಿಟ್ಟ ರೊಟ್ಟಿ ಮ್ಯಾಲೆ ಯಾಕ್ರಿ?” ಎಂದಳು ತಾಯವ್ವ.

ಸುಗಂಧಾ ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಅವನ ಮುಂದಕ್ಕೆ ದೂಡಿ, “ಅಪ್ಪಾ, ಆ ಪ್ಲಾಸ್ಟಿಕ್ಕಿನಾಗ ನನ್ನ ಕಾಲು ಕಟಗಿ ಆಗತೈತಿ. ನಾ ನಿನ್ನ ಬೂಟಿನಾಗ ಓಡಾಕಿ. ಉಣ್ಣು” ಎಂದಳು. ಅದು ಪೂರಾ ಸುಳ್ಳು. ಅವಳ ಕಾಲು ಆ ದಿನ ಹೇಗೆ ಆಡಿತು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ಎದ್ದು ಕೂತು ನಾಲ್ಕು ರೊಟ್ಟಿ ಉಂಡ. ಉಂಡ ಮೇಲೆ ಬೂಟನ್ನು ತೊಡೆಗೆ ಎಳೆದುಕೊಂಡ. ಓಟದ ದಿನದವರೆಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಣ್ಣೆ.

ಓಟದ ದಿನ ಬಿಸಿಲಿತ್ತು. ಹಿಮದ ಮೇಲ್ಪದರ ಕರಗಿ ಮತ್ತೆ ಗಟ್ಟಿಯಾಗಿ ಗಾಜಿನಂತಾಗಿತ್ತು. ಸುಗಂಧಾ ಅರ್ಧ ದಾರಿಯವರೆಗೆ ಎಲ್ಲರಿಗಿಂತ ಮುಂದಿದ್ದಳು. ಆಮೇಲೆ ಎಡಕ್ಕೆ ಒಂದು ಕಡಿದಾದ ತಿರುವು. ಎಡಗಾಲು ಹಿಂದೆ ಹೋಯಿತು, ಮಂಡಿ ಬಗ್ಗಿತು, ಇಡೀ ಮೈಭಾರ ಆ ಮೂಗಿನ ಮೇಲೆ ಬಿತ್ತು. ನಾನು ಕಚ್ಚಿ ಹಿಡಿದೆ. ದೇವರಾಣೆ, ಬಿಡಲಿಲ್ಲ. ಚರ್ಮವೇ ಒದ್ದೆ ಕಾಗದದ ಹಾಗೆ ಹರಿದುಬಂತು. ನಾನು ಹಲಗೆಯ ಸಮೇತ ಒಬ್ಬನೇ ಇಳಿಜಾರಿನಲ್ಲಿ ಜಾರುತ್ತ ಹೋದೆ, ನನ್ನ ಹಲ್ಲಿನಲ್ಲಿ ಮೂರು ತೂತಿನ ಚರ್ಮದ ಚೂರು. ಮೇಲೆ ಅವಳು ಕಿರುಚಿದ್ದು ಕೇಳಿಸಿತು. ಅಷ್ಟು ದಿನ ಬಯಸಿದ್ದು ಕಡೆಗೂ ಆಯಿತು, ಆದರೆ ಹರಿದದ್ದು ಬೂಟಿನ ಮೂಗೊಂದೇ ಅಲ್ಲ, ಅವಳ ಮೊಣಕಾಲಿನ ಒಳಗೆ ಎಲುಬು ಕಟ್ಟಿ ಹಿಡಿಯುವ ನಾರೂ ಹರಿದಿತ್ತು.

ಮೂರು ದಿನದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಮನೆಗೆ ಬಂದಳು. ಭರಮಣ್ಣ ಹಲಗೆಯನ್ನು ಒಳಗೆ ತಂದು ಅವಳ ಹಾಸಿಗೆಯ ಬಳಿ ಇಟ್ಟ. ಎರಡು ಚಳಿಗಾಲದಲ್ಲಿ ನಾನು ಆ ಒಲೆಯ ಬಿಸಿ ಕಂಡದ್ದು ಅದೇ ಮೊದಲು. ಅವನು ನನ್ನನ್ನು ಬೆರಳು ಮಾಡಿ ತೋರಿಸಿದ.

“ಈ ಹಿಡಿಕಿ ಹಲ್ಲು ಚೂಪಾಗ್ಯಾವು, ಹೌದಿಲ್ಲೋ? ಅದಕ್ಕ ಚರ್ಮ ಕೊಯ್ದೈತಿ. ಹೇಳವ್ವಾ, ಹಿಡಿಕೀದ ತಪ್ಪು ಹೌದಿಲ್ಲೋ?”

ಅವನು ಕೇಳುತ್ತಿರಲಿಲ್ಲ, ಬೇಡುತ್ತಿದ್ದ. ಸುಗಂಧಾ ನನ್ನ ಹಲ್ಲಿನಿಂದ ಚರ್ಮದ ಚೂರು ಬಿಡಿಸಿಕೊಂಡು ಎರಡು ಬೆರಳಲ್ಲಿ ಹಿಸುಕಿದಳು. ಎಣ್ಣೆ ಜಿನುಗಿತು. ಅವಳು ಬೆರಳನ್ನು ಕಂಬಳಿಯ ಕೆಳಗೆ ಒರೆಸಿಕೊಂಡಳು.

“ಹೂನಪ್ಪಾ. ಹಿಡಿಕೀದ ತಪ್ಪು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಅಲ್ಲೇ ಕೂತು ನನ್ನ ತಿರುಪು ಬಿಚ್ಚಿ, ಬಿಚ್ಚುವಾಗ ಮೋತಿರಾಮನ ಏಳು ತಲೆಮಾರನ್ನು ಬೈದು, ಮೂಲೆಯಲ್ಲಿದ್ದ ಗುಜರಿ ಡಬ್ಬಿಗೆ ಎಸೆದ. ಏನೂ ಮಾಡದ ಬಲಗಾಲಿನವನೂ ಹಿಂದೆಯೇ ಬಂದು ಬಿದ್ದ. ಬೂಟನ್ನು ಮಾತ್ರ ಒರೆಸಿ ಗೋಡೆಯ ಗೂಟಕ್ಕೆ ನೇತುಹಾಕಿದ. ಹರಿದ ಮೂಗಿನವನಿಗೆ ಗೂಟ, ಕಚ್ಚಿ ಹಿಡಿದವನಿಗೆ ಡಬ್ಬಿ. ಆ ದಿನ ನನಗಾದ ಉರಿಗೆ ಮೋತಿರಾಮನ ಕುಲುಮೆಯೇ ತಂಪು.

ಅವನು ಹೊರಗೆ ಹೋದ ಮೇಲೆ ತಾಯವ್ವ ಮಗಳ ತಲೆಗೆ ಕೈಯಿಟ್ಟು ಕೇಳಿದಳು, “ಖರೇ ಹೇಳು. ಹಿಡಿಕಿ ಚಲೋ ಇತ್ತಲ್ಲ?”

“ಚಲೋ ಇತ್ತವ್ವಾ. ಎಣ್ಣಿ ಹೆಚ್ಚಾಗಿತ್ತು. ಅಪ್ಪಗ ಹೇಳಬ್ಯಾಡ. ಗೊತ್ತಾದ್ರ ಅಂವ ಮತ್ತ ಉಳಿ ಹಿಡಿಯಂಗಿಲ್ಲ.”

ಸುಗಂಧಾ ಮತ್ತೆ ಓಟಕ್ಕೆ ಇಳಿಯಲಿಲ್ಲ. ಆ ಮೊಣಕಾಲು ಬಗ್ಗಿದರೂ ಭಾರ ತಾಳಲಿಲ್ಲ. ಅವಳು ಅಪ್ಪನ ಪಕ್ಕದಲ್ಲೇ ಬೂಟು ಮಾಡಲು ಕೂತಳು, ಮನೆಯೇ ಅಂಗಡಿಯಾಯಿತು. ಹೊಸ ಹಿಡಿಕೆಗೆ ಮೂರು ಹಲ್ಲು ಬೇಡ, ಹಿಮ್ಮಡಿಯ ಸುತ್ತ ಸ್ಪ್ರಿಂಗ್ ಹಾಕಿದ ತಂತಿ ಬರಲಿ, ಮೂಗಿನ ಅಡಿಗೆ ಹಿತ್ತಾಳೆ ತಗಡು ಇರಲಿ ಎಂದಳು. ಹಿತ್ತಾಳೆಗೆ ಎಣ್ಣೆ ತಾಗಿದರೆ ಹಸಿರುಗಟ್ಟುತ್ತದೆ, ಹಾಗಾಗಿ ಮೂಗಿಗೆ ಎಣ್ಣೆ ಹಚ್ಚಬಾರದು ಎಂದೂ ಅಪ್ಪನಿಗೆ ತಿಳಿಹೇಳಿದಳು. ಅವನು ಮರುಮಾತಿಲ್ಲದೆ ಒಪ್ಪಿದ. ಅವರು ಮಾಡಿದ ಬೂಟುಗಳಲ್ಲಿ ಒಂದರ ಮೂಗೂ ಮತ್ತೆ ಹರಿಯಲಿಲ್ಲ. ಡಬ್ಬಿಯ ಅಂಚಿನಿಂದ ನಾನು ಆ ತಂತಿಯ ಹಿಡಿಕೆಗಳು ಸಾಲಾಗಿ ಹೊರಟುಹೋಗುವುದನ್ನು ನೋಡುತ್ತಿದ್ದೆ. ಅವುಗಳ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಮಾಡಲು ಬೇರೆ ಕೆಲಸವೇನಿತ್ತು?

ಹೀಗೆ ಇಪ್ಪತ್ತೆರಡು ವರ್ಷ. ನನ್ನ ಮೈಗೆ ತುಕ್ಕು ಹತ್ತಿದೆ, ಸರಳು ಎದ್ದರೆ ಕೂರುವುದಿಲ್ಲ, ಕೂತರೆ ಏಳುವುದಿಲ್ಲ. ಭರಮಣ್ಣನಿಗೂ ಕಣ್ಣು ಮಂಜಾಗಿ, ಈಗ ಕೆಲಸವೆಲ್ಲ ಸುಗಂಧಾಳದೇ. ಅಂಗಡಿಗೆ ಹೊಸಬರು ಯಾರು ಬಂದರೂ ಅವನು ನನ್ನನ್ನು ಡಬ್ಬಿಯಿಂದ ಎತ್ತಿ ತೋರಿಸುತ್ತಾನೆ. ಈ ಹಿಡಿಕೆ ನನ್ನ ಮಗಳ ಮೊಣಕಾಲು ತಿಂದಿತು ನೋಡಿ ಎಂದು ಹಿಂದಿಯಲ್ಲಿ ಹೇಳುತ್ತಾನೆ. ಸುಗಂಧಾ ತಲೆ ಎತ್ತದೆ ಹೊಲಿಯುತ್ತಾಳೆ.

ಮೊನ್ನೆ ಅವಳು ಚರ್ಮ ತರಲು ಕುಲ್ಲುವಿಗೆ ಹೋಗಿದ್ದಳು. ಒಳಗೆ ತಾಯವ್ವ ರಾಜಮಾ ಆರಿಸುತ್ತ ಕೂತಿದ್ದಳು. ಭರಮಣ್ಣ ನನ್ನನ್ನು ಎತ್ತಿಕೊಂಡು ನನ್ನ ಮೂರು ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದೊಂದನ್ನೂ, ನಿಧಾನವಾಗಿ.

“ಮೊಂಡ ಅದಾವು” ಎಂದ. “ಆವತ್ತೂ ಮೊಂಡ ಇದ್ದುವು. ತಿರುಪು ಬಿಚ್ಚೂವಾಗ ಬೆರಳಿಗಿ ಗೊತ್ತಾಗಿತ್ತು. ಎಣ್ಣಿ ಹೆಚ್ಚ ಕುಡಿಸಿದ ತಪ್ಪು ನಂದು.”

ತಾಯವ್ವನ ಕೈ ನಿಂತಿತು. “ಮತ್ತ ಇಷ್ಟ ವರ್ಷ ಅದಕ್ಯಾಕ ಬೈತಿದ್ದಿರಿ?”

“ಅಕಿ ನನ್ನ ಸಲವಾಗಿ ಸುಳ್ಳ ಹೇಳ್ಯಾಳ. ನಾ ಖರೇ ಹೇಳಿದ್ರ ಅಕಿ ಸುಳ್ಳು ಏನಾಗಬೇಕು? ಅಕಿಗೆ ಹೇಳಬ್ಯಾಡ.”

ತಾಯವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಕಾಳು ಆರಿಸಿದಳು. ಮಧ್ಯಾಹ್ನ ಸುಗಂಧಾ ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದಳು. ಭರಮಣ್ಣ ಎಂದಿನಂತೆ ನನ್ನನ್ನು ಎತ್ತಿ ಹಿಡಿದು, ಇದೇ ನನ್ನ ಮಗಳ ಮೊಣಕಾಲು ತಿಂದದ್ದು ಎಂದ. ಅವಳು ತಂದ ಚರ್ಮದ ಕಟ್ಟು ಬಿಚ್ಚುತ್ತ, ತಲೆ ಎತ್ತದೆ, “ಹೂನಪ್ಪಾ” ಎಂದಳು.

ನನ್ನನ್ನು ಡಬ್ಬಿಗೆ ಹಾಕಿದರು. ಬೂಟಿನ ಮೇಲಿನ ಹೊಟ್ಟೆಕಿಚ್ಚು ಅಂದೇ ಹೋಯಿತು. ಅದರ ಪಾಡಿಗೆ ಅದು ಗೂಟದಲ್ಲಿ ಒಣಗುತ್ತಿರಲಿ. ನನಗೀಗ ಉರಿಯುವುದು ಈ ಇಬ್ಬರನ್ನು ನೋಡಿ. ಇಪ್ಪತ್ತೆರಡು ವರ್ಷ ಇವರು ಒಬ್ಬರಿಗಾಗಿ ಒಬ್ಬರು ಸುಳ್ಳು ಹೇಳಿಕೊಂಡು ಬಂದರು. ನನಗೆ ಸುಳ್ಳೂ ಬೇಕಿರಲಿಲ್ಲ. ಯಾರಾದರೊಬ್ಬರು ನಾಲ್ವರ ಮುಂದೆ ನಿಜ ಹೇಳಿದ್ದರೆ ಸಾಕಿತ್ತು.