ಕೊಡಬಹುದಾದ ಗ್ರಂಥ

ಮೂರು ಮನೆಯಾಚೆ ಬಾಗಿಲು ಬಡಿಯುವ ಸದ್ದಾಯಿತು. ಮಿಗ್ಗಿನ್ ಕದದ ಸಂದಿಗೆ ಕಣ್ಣಿಟ್ಟು ನಿಂತಿದ್ದ. ಹಾಡಹಗಲು, ಆದರೂ ಬೀದಿಯಲ್ಲಿ ಒಂದು ನಾಯಿಯಿಲ್ಲ. ಕ್ರಿಸ್ತನವರ ಗ್ರಂಥಗಳನ್ನೆಲ್ಲ ಸುಡಬೇಕೆಂಬ ರೋಮಿನ ಚಕ್ರವರ್ತಿಯ ಆಜ್ಞೆ ಸಮುದ್ರದೀಚೆಗಿನ ನುಮಿಡಿಯ ಸೀಮೆಯ ಈ ಗುಡ್ಡದೂರಿಗೂ ಬಂದು ಮೂರು ದಿನವಾಗಿತ್ತು. ಗ್ರಂಥಗಳು ಪ್ರಾರ್ಥನೆಯ ಮನೆಯಲ್ಲಿ ಇರುತ್ತಿರಲಿಲ್ಲ; ಸಭೆಯಲ್ಲಿ ಓದಿ ಹೇಳುವವರು ತಂತಮ್ಮ ಮನೆಗಳಲ್ಲಿ ಹಂಚಿಟ್ಟುಕೊಳ್ಳುವುದು ಪದ್ಧತಿ. ಮಿಗ್ಗಿನ್ ಓದುವವನು. ಅವನ ಮನೆಯಲ್ಲಿ ಎರಡಿದ್ದವು.

ಕೊಡದಿದ್ದರೆ ಗಣಿಯಲ್ಲಿ ಜೀತ, ಇಲ್ಲವೇ ಕತ್ತಿ. ಕೊಟ್ಟರೆ ‘ಒಪ್ಪಿಸಿದವನು’ ಎಂಬ ಹೆಸರು. ಒಪ್ಪಿಸಿದವನಿಗೆ ಸಭೆಯ ರೊಟ್ಟಿಯಿಲ್ಲ, ಸತ್ತರೆ ಸಭೆಯವರ ಸ್ಮಶಾನದಲ್ಲಿ ಮೂರಡಿ ಜಾಗವಿಲ್ಲ. ಅಲ್ಲೇ, ಗೋಡೆಯ ಬದಿಗೆ, ಅವನ ಮತ್ತು ಹೆಂಡತಿ ಸನಾಮಾಳ ಮಗಳನ್ನು ಹೂತು ಎರಡು ವರ್ಷವಾಗಿತ್ತು.

ಬೆಳಿಗ್ಗೆ ಸಭೆಯ ಹಿರಿಯ ಬಲಿಯಾತೋ ಬಂದು ಹೋಗಿದ್ದ. ಹೇಸರಗತ್ತೆಗೆ ಗಂಟುಮೂಟೆ ಕಟ್ಟಿಸಿಕೊಂಡು ಗವಿಯಲ್ಲಿ ಅಡಗಲು ಹೊರಟವನು ಕೆಳಗಿಳಿಯಲೂ ಇಲ್ಲ. ಕ್ರಿಸ್ತನ ಶಿಷ್ಯರಾದ ಅಪೊಸ್ತಲರ ಪತ್ರಗಳಿರುವ ಗ್ರಂಥವನ್ನು ಬಚ್ಚಿಡು, ಸಮುದ್ರದಾಚೆಯ ಸಭೆಗಳೂ ಅದನ್ನು ಓದುತ್ತವೆ; ಇನ್ನೊಂದನ್ನು, ನೇಕಾರ ಮುದುಕಿ ಕಂಡ ದರ್ಶನಗಳದ್ದನ್ನು, ಕೊಟ್ಟುಬಿಡು, ಪಾಪವಿಲ್ಲ ಎಂದ. ತಾನು ಬಚಾವಾಗಿ ಹೊರಟವನಿಗೆ ದೇವರ ಮಾತು ಯಾವುದು, ಯಾವುದಲ್ಲ ಎನ್ನುವುದು ಎಷ್ಟು ಸಲೀಸು.

“ಮಣ್ಣು ಮಾಡುವಾಗ ಅದನ್ನೇ ಓದ್ತೀವಲ್ಲ ಹಿರೀಕ,” ಎಂದಿದ್ದ ಮಿಗ್ಗಿನ್.

“ಓದ್ತೀವಪ್ಪ. ಜೋಗುಳಾನೂ ಹಾಡ್ತೀವಿ. ಹಾಡಿದ್ದೆಲ್ಲ ದೇವರ ಮಾತಾಗ್ತದಾ? ಯಾವ ಅಪೊಸ್ತಲ ಬರೆದವ್ನೆ ಅದನ್ನ? ನಮ್ಮೂರ ಮಗ್ಗದ ಮುದುಕಿ ಕಣಯ್ಯಾ ಅವಳು.”

ಒಳಗೆ ಬೀಸುವ ಕಲ್ಲಿನ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಗಿತ್ತು. ಸನಾಮಾಳಿಗೆ ಅಕ್ಷರ ಬಾರದು. ಆದರೆ ಮುದುಕಿಯ ಗ್ರಂಥದಲ್ಲಿ ಸತ್ತ ಮಕ್ಕಳೆಲ್ಲ ಬಾವಿಕಟ್ಟೆಯ ಮೇಲೆ ಕೂತು ನಗುವ ಪುಟ ಎಲ್ಲಿದೆಯೆಂದು ಅವಳ ಬೆರಳಿಗೆ ಗೊತ್ತಿತ್ತು. ಮಗಳನ್ನು ಮಣ್ಣಿಗಿಟ್ಟ ದಿನ ಮಿಗ್ಗಿನ್ ಓದಿದ್ದು ಅದನ್ನೇ. ಹಿರಿಯ ಹೇಳಿದಂತೆ ಮಾಡೆಂದು ಅವಳಿಗೆ ಹೇಳಿ ಅವನು ಬಾಗಿಲಿಗೆ ಬಂದು ನಿಂತಿದ್ದ. ಅವಳು ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗಿಟ್ಟು, ಮತ್ತೆ ಕಲ್ಲಿನ ಮುಂದೆ ಕೂತಳು.

ಬಾಗಿಲು ಬಡಿದರು. ಒಬ್ಬ ಅಧಿಕಾರಿ, ಬರೆದುಕೊಳ್ಳುವ ಗುಮಾಸ್ತ, ಇಬ್ಬರು ಆಳು. ಮಿಗ್ಗಿನ್ ಕೇಳುವ ಮೊದಲೇ ಗಂಟು ಚಾಚಿದ. ಅಧಿಕಾರಿ ಅದನ್ನು ಮುಟ್ಟಲಿಲ್ಲ, ನಕ್ಕ.

“ಜಾಣ. ಪಕ್ಕದೂರಲ್ಲಿ ನಿಮ್ಮೋನೊಬ್ಬ ದನದ ಔಷಧಿ ಪುಸ್ತಕ ಕೊಟ್ಟು ನನ್ನ ಮಂಗ ಮಾಡಿದ. ಬಿಚ್ಚು. ಗಟ್ಟಿಯಾಗಿ ಓದು.”

ಮಿಗ್ಗಿನ್ ಬಿಚ್ಚಿದ. ಗ್ರಂಥಕ್ಕೆ ಹೊದಿಸಿದ ಮರದ ಹಲಗೆಯ ಮೂಲೆಯಲ್ಲಿ ದೀಪದೆಣ್ಣೆಯ ಕಲೆ. ಎಣ್ಣೆಯ ಕಲೆಯಿದ್ದದ್ದು ಅಪೊಸ್ತಲರ ಪತ್ರಗಳ ಮೇಲೆ. ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಕಲ್ಲು ತಿರುಗುತ್ತಿತ್ತು, ಕಾಳು ಆಗಲೇ ಮುಗಿದು ಕಲ್ಲಿಗೆ ಕಲ್ಲೇ ಉಜ್ಜುತ್ತಿತ್ತು.

ಇದಲ್ಲ, ಇನ್ನೊಂದಿದೆ ಎಂದರೆ ಅವಳನ್ನು ಎಬ್ಬಿಸಿ ಹುಡುಕುತ್ತಾರೆ.

ಅವನು ಓದಿದ. ದೂರದ ಸಭೆಗೆ ಅಪೊಸ್ತಲನೊಬ್ಬ ಹೇಳಿ ಕಳಿಸಿದ ಶಾಂತಿಯ ಮಾತು. ಹತ್ತು ವರ್ಷ ಓದಿದ ಬಾಯಿ. ಮಾತು ತಪ್ಪಲಿಲ್ಲ.

“ಇದು ನಿಮ್ಮ ದೇವರ ಮಾತೇ ಏನಯ್ಯಾ?”

“ಹೌದು.”

“ಬೇರೆ ಇದೆಯಾ?”

“ಇಲ್ಲ.”

ಒಂದು ಗ್ರಂಥ, ಓದುವ ಮಿಗ್ಗಿನ್ ತಾನಾಗಿ ಒಪ್ಪಿಸಿದ್ದು ಎಂದು ಗುಮಾಸ್ತ ಬರೆಯುತ್ತ ತಾನೇ ಜೋರಾಗಿ ಹೇಳಿಕೊಂಡ. ಆಳುಗಳಲ್ಲೊಬ್ಬ ಗ್ರಂಥವನ್ನು ಸೌದೆಯಂತೆ ಕಂಕುಳಿಗಿಟ್ಟುಕೊಂಡ. ಅವರು ಮುಂದಿನ ಮನೆಗೆ ನಡೆದರು.

ಮಿಗ್ಗಿನ್‌ಗೆ ಕೂಗಾಡಬೇಕೆನಿಸಿತು. ಬಾಯಿಂದ ಬಂದದ್ದು ಪಿಸುಮಾತು.

“ಏನೇ ಮಾಡಿದೆ ನೀನು?”

“ಆ ಪತ್ರ ಸಮುದ್ರದಾಚೆಗೂ ಅವೆ ಅಂದ್ನಲ್ಲ ಹಿರಿಯ,” ಎಂದಳು ಸನಾಮಾ. “ಇದು ಇರೋದು ಒಂದೇ.”

“ಇನ್ಮೇಲೆ ನನ್ನನ್ನ ಮಗಳ ಪಕ್ಕ ಹೂಳಲ್ಲ ಕಣೇ.”

ಅವಳು ಒಂದು ಕೈಯಲ್ಲಿ ಸೆರಗು ಒತ್ತಿಹಿಡಿದು, ಇನ್ನೊಂದನ್ನು ನೆಲಕ್ಕೂರಿ ಏಳಲು ನೋಡಿದಳು. ಅವನು ಬಗ್ಗಿ ತೋಳ ಕೆಳಗೆ ಕೈಹಾಕಿ ಎತ್ತಿದ. ಅವಳ ಸೆರಗಿನೊಳಗಿದ್ದ ಮುದುಕಿಯ ಗ್ರಂಥದ ಹಲಗೆಯ ಅಂಚು ಅವನ ಪಕ್ಕೆಗೆ ಒತ್ತಿತು. ಇಬ್ಬರೂ ಹಾಗೇ ನಿಂತರು.

ಎದುರುಮನೆ ಗಾಣದ ಗುದುದನದು. ಅವನೂ ಸಭೆಯವನೇ. ಅಲ್ಲಿ ಅಷ್ಟು ಹೊತ್ತೂ ಬೆರಳಗಲ ತೆರೆದಿದ್ದ ಕಿಟಕಿಯ ಕದ ಸದ್ದಿಲ್ಲದೆ ಮುಚ್ಚಿಕೊಂಡಿತು.