ಜಮಖಾನದೊಳಗಿನ ಜೋಡಿ ನಳಿಗೆ

ಇದು ನಡೆದ ಸಂಗತಿ. ಕಟ್ಟಿ ಹೇಳುವುದಾಗಿದ್ದರೆ ಇದಕ್ಕಿಂತ ನಂಬುವಂಥದ್ದನ್ನೇ ಕಟ್ಟಬಹುದಿತ್ತು. ಸುಳ್ಳಿಗಾದರೆ ಸ್ವಲ್ಪ ಮಾನ ಮರ್ಯಾದೆ ಇರುತ್ತದೆ, ನಿಜ ಎಲ್ಲಿ ಬೇಕಾದರೂ ಬಿಚ್ಚಿಕೊಂಡು ನಿಲ್ಲುತ್ತದೆ.

ಆ ಮನೆಯ ಸೊಸೆಯ ಹೊಟ್ಟೆಪಾಡು ಬಾಯಿಪಾಡು. ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುವ ಕೆಲಸ ಅವಳದು. ಬೆಳಿಗ್ಗೆ ಅಳಿಲು, ಮಧ್ಯಾಹ್ನ ಮೊಸಳೆ, ಸಂಜೆ ಬಸ್ಸು ಹತ್ತುವಾಗ ಮಾತ್ರ ಮನುಷ್ಯಳು. ಮನೆಗೆ ಬಂದ ಮೇಲೂ ಗಂಟಲಿಗೆ ರಜೆ ಇರಲಿಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಫೋನಿನಲ್ಲಿ ಗಿರಾಕಿಗಳಿಗೆ ಎಳೆದೆಳೆದು ಹೇಳುವ 'ನಾಳೆ ಗ್ಯಾರಂಟಿ ರೆಡಿ ಸಾರ್' ಎಂಬುದನ್ನು ಅವಳು ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಮಾವನೊಬ್ಬರನ್ನು ಅವರ ಎದುರಿಗೆ ಅಣಕಿಸುತ್ತಿರಲಿಲ್ಲ. ಅದು ಗೌರವವೋ ಉಳಿತಾಯವೋ, ಅವಳೇ ಹೇಳಬೇಕು.

ಮಾವ ಒಂದು ಅಣೆಕಟ್ಟಿನ ಕಾವಲುಗಾರರಿಗೆಲ್ಲ ಮೇಲಿನವರಾಗಿದ್ದು ನಿವೃತ್ತರಾದವರು. ಇಡೀ ನೌಕರಿಯಲ್ಲಿ ತಮ್ಮ ಪಾಳಿಯಲ್ಲಿ ಒಂದು ಹುಳವೂ ಒಳಗೆ ನುಸುಳಲಿಲ್ಲ ಎಂಬುದು ಅವರ ಹೆಮ್ಮೆ. ಬೀದಿಯವರು ಅವರನ್ನು ಕರೆಯುತ್ತಿದ್ದುದು ಬೀಗದ ಸಾಹೇಬ್ರು ಅಂತ. ಅವರ ಬಳಿ ಲೈಸೆನ್ಸ್ ಇರುವ ಒಂದು ಜೋಡಿ ನಳಿಗೆಯ ಬಂದೂಕಿತ್ತು. ಹಳೆಯ ಜಮಖಾನದಲ್ಲಿ ಸುತ್ತಿ, ಹಗ್ಗ ಬಿಗಿದು, ಮಲಗುವ ಕೋಣೆಯೊಂದರ ಅಲಮಾರಿಯ ನೆತ್ತಿಯ ಮೇಲೆ ಅದನ್ನು ಮಲಗಿಸಿದ್ದರು. ಅದಕ್ಕೆ ಬೀಗವಿಲ್ಲ, ಪೆಟ್ಟಿಗೆಯಿಲ್ಲ. ಬೀಗದ ಸಾಹೇಬರ ಮಾತೇ ಬೀಗ. ಎಲ್ಲಿದೆ ಅಂತ ಗೊತ್ತಿಲ್ಲದ ವಸ್ತುವನ್ನು ಯಾರೂ ಮುಟ್ಟಲಾರರು ಎಂಬುದು ಅವರ ವಾದ.

ವಾದದಲ್ಲಿ ಒಂದೇ ತೂತಿತ್ತು. ನಾಳೆ ತಮಗೆ ಏನಾದರೂ ಆಗಿಹೋದರೆ ಒಬ್ಬರಿಗಾದರೂ ಜಾಗ ಗೊತ್ತಿರಬೇಕಲ್ಲ ಎಂದು ಅವರು ಒಬ್ಬ ನಂಬಿಗಸ್ಥರನ್ನು ಆರಿಸಿ ಹೇಳಿಬಿಡುತ್ತಿದ್ದರು. ಒಬ್ಬರಿಗೆ ಮಾತ್ರ, ಅದರಲ್ಲಿ ಅವರು ಬಹಳ ಕಟ್ಟುನಿಟ್ಟು. ಆದರೆ ಆ ನಂಬಿಗಸ್ಥ ಪ್ಯಾಂಟು ಗಿಡ್ಡ ಹೊಲಿದನೆಂದೋ, ದಾರಿಯಲ್ಲಿ ಕಂಡೂ ನಮಸ್ಕಾರ ತಪ್ಪಿಸಿದನೆಂದೋ ಮನಸ್ಸು ಮುರಿಯಿತೆನ್ನಿ, ಅವನನ್ನು ಪಟ್ಟದಿಂದ ಇಳಿಸಿ ಇನ್ನೊಬ್ಬರನ್ನು ಏರಿಸುತ್ತಿದ್ದರು. ನಂಬಿಕೆಯನ್ನು ವಾಪಸ್ ತೆಗೆದುಕೊಂಡರೆ ಅದರ ಜೊತೆ ಗುಟ್ಟೂ ವಾಪಸ್ ಬಂದಂತೆ ಎಂದು ಅವರು ನಿಜವಾಗಿಯೂ ತಿಳಿದಿದ್ದರು. ಹಾಗಾಗಿ ಬಂದೂಕಿನ ಜಾಗವನ್ನು ಒಮ್ಮೆಯೂ ಬದಲಾಯಿಸಲಿಲ್ಲ.

ಸೊಸೆಯೂ ಕೆಲವು ಕಾಲ ಆ ಪಟ್ಟದಲ್ಲಿದ್ದವಳೇ. ಒಂದು ದಿನ ಪೇಪರನ್ನು ಮಾವನಿಗಿಂತ ಮೊದಲು ಬಿಡಿಸಿ ಓದಿದ್ದಕ್ಕೆ ಪದಚ್ಯುತಳಾದಳು. 'ಇನ್ಮೇಲೆ ನಿನಗದು ಗೊತ್ತಿಲ್ಲ ಅಂತ ತಿಳ್ಕೋ' ಎಂದಿದ್ದರು. ಅವಳೂ ಹಾಗೇ ತಿಳಿದುಕೊಂಡು ಸುಮ್ಮನಿದ್ದಳು.

ಆ ವರ್ಷ ಮನೆಮಂದಿಯೆಲ್ಲ ರಜೆಗೆ ಸಮುದ್ರದ ದಂಡೆಗೆ ಹೋಗುವುದೆಂದು ಗೊತ್ತಾಯಿತು. ಮನೆ ಖಾಲಿ ಬೀಳುವುದು ಬೇಡವೆಂದು ಅಷ್ಟು ದಿನವೂ ಸೊಸೆಯ ನಾದಿನಿ, ಎಂದರೆ ಮಾವನ ಒಬ್ಬಳೇ ಮಗಳು, ತನ್ನ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದಿರುವುದೆಂದೂ ಗೊತ್ತಾಯಿತು. ಆ ಮಕ್ಕಳು ನೆಲದ ಮೇಲೆ ಇದ್ದದ್ದನ್ನು ಕಂಡವರು ಕಡಿಮೆ. ಹಿಂದಿನ ಸಲ ಬಂದಾಗ ಕಿಟಕಿಯ ಸರಳಿನಿಂದ ಇಳಿಸುವುದಕ್ಕೇ ಅರ್ಧ ರಜೆ ಕಳೆದಿತ್ತು.

ಹೊರಡುವುದಕ್ಕೆ ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ ಸೊಸೆ ರವಿಕೆ ತರಲು ದರ್ಜಿಯ ಅಂಗಡಿಗೆ ಹೋದಳು. ದರ್ಜಿ ಹಲ್ಲಿನಲ್ಲಿ ದಾರ ಕಡಿಯುತ್ತ, ಊರಿಗೆ ಹೋಗುವ ಮುಂಚೆ ಆ ಜಮಖಾನದ ಹಗ್ಗ ಸ್ವಲ್ಪ ಸಡಿಲಿಸಲು ಸಾಹೇಬರಿಗೆ ಹೇಳಿ, ಅಷ್ಟು ಬಿಗಿದರೆ ಮಡಿಕೆಯಲ್ಲಿ ತೇವ ಕೂತು ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದ. ಸೊಸೆಯ ಕೈಯಲ್ಲಿದ್ದ ರವಿಕೆ ಮೇಜಿನ ಮೇಲೆ ಬಿತ್ತು. ಅಲ್ಲಿಂದ ಅವಳು ನೇರ ಇಸ್ತ್ರಿಯವನ ಗಾಡಿಗೆ ಹೋದಳು. ಗೊತ್ತಿದ್ದೇ ಕೇಳುವವಳಂತೆ ಮಾತು ತೆಗೆದರೆ, ಆತ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಆಚೀಚೆ ನೋಡಿ, ತನಗೊಬ್ಬನಿಗೇ ಗೊತ್ತಿರುವ ವಿಷಯ ಅವಳಿಗೂ ಹೇಗೆ ಗೊತ್ತಾಯಿತೆಂದು ಬೇಸರಪಟ್ಟ. ಕೆಳಗಿನ ಮನೆಯ ಗಣಿತದ ಮೇಡಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೋಟಾಗಳು ಬೂಟ್ ಪಾಲಿಶ್ ಪೆಟ್ಟಿಗೆಯಲ್ಲಿವೆ ಎಂಬುದನ್ನೂ ಸೇರಿಸಿ ಹೇಳಿದರು.

ಸೊಸೆ ಬಂದೂಕಿನ ಅಂಗಡಿಗೆ ಹೋಗಿ ವಿಚಾರಿಸಿದಳು. ಅಂಗಡಿಯವರು ದಪ್ಪ ಮೀಸೆಯ ಸಾಧು ಮನುಷ್ಯ. ರಜೆಗೆ ಹೋಗುವವರು ಇಟ್ಟುಹೋಗಲೆಂದೇ ಹಿಂದಿನ ಕೋಣೆಯಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟು ಇದೆ, ಎಷ್ಟೋ ಜನ ಇಡುತ್ತಾರೆ ಎಂದರು. ಆದರೆ ಲೈಸೆನ್ಸ್ ಇರುವವರೇ ಕೈಯಾರೆ ಒಪ್ಪಿಸಬೇಕು, ಸೊಸೆ ತಂದರೆ ಮುಟ್ಟುವಂತಿಲ್ಲ. ಬೇಕಾದರೆ ತಾವೇ ಚೀಲ ಹಿಡಿದು ಮನೆಗೆ ಬಂದು ಸಾಹೇಬರ ಜೊತೆ ನಡೆದುಬರಬಹುದು, ಅಷ್ಟೇ.

ಆ ಸಂಜೆ ಸೊಸೆ ಮಾತು ಎತ್ತಿದಳು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

"ರಿಪೇರಿಗೆ ಕೊಡೋಕೆ ಅದೇನು ಕೊಡೆ ಅಂದ್ಕೊಂಡ್ಯಾ?" ಎಂದರು. "ಇಷ್ಟು ವರ್ಷ ನಾನು ಕಾವಲು ಕಾದಿದೀನಿ. ಈಗ ನನ್ನ ಬಂದೂಕಿಗೆ ಇನ್ನೊಬ್ಬ ಕಾವಲಾ?"

ಅವರ ನೋವು ಎಲ್ಲಿದೆ ಎಂಬುದು ಸೊಸೆಗೆ ಕಾಣದೆ ಇರಲಿಲ್ಲ. ನಿವೃತ್ತಿಯ ದಿನ ಟೋಪಿ ಹೋಯಿತು, ಸೀಟಿ ಹೋಯಿತು, ಸಲ್ಯೂಟು ಹೋಯಿತು. ಉಳಿದದ್ದು ಇದೊಂದೇ. ಅದನ್ನು ಅಂಗಡಿಯ ಕಪಾಟಿನಲ್ಲಿ ನಿಲ್ಲಿಸಿ ಬರುವುದೆಂದರೆ ತಮ್ಮನ್ನೇ ನಿಲ್ಲಿಸಿ ಬಂದ ಹಾಗೆ. ಪಾಪ ಅನ್ನಿಸಿತು. ಆದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಅಲಮಾರಿ ಹತ್ತಬಲ್ಲ ಎರಡು ಜೊತೆ ಪುಟ್ಟ ಕಾಲು. ಪಾಪವನ್ನು ನುಂಗಿಕೊಂಡಳು.

"ಅದು ಈ ಮನೆಯಿಂದ ಹೋಗೋ ತನಕ ನಾನು ಹೋಗಲ್ಲ ಮಾವ," ಎಂದಳು.

ಎಂದು ಸುಮ್ಮನಾಗಲಿಲ್ಲ. ಕಟ್ಟಿಟ್ಟಿದ್ದ ತನ್ನ ಸೂಟ್‌ಕೇಸನ್ನು ತಂದು ಹಾಲಿನ ನಟ್ಟನಡುವೆ ಬಿಚ್ಚಿ ಸೀರೆ, ಟವಲು, ಹಲ್ಲುಜ್ಜುವ ಬ್ರಷ್ಷು ಎಲ್ಲವನ್ನೂ ಸೋಫಾದ ಮೇಲೆ ಹರಡಿದಳು. ಮಾವ ಕೂರುವ ಕುರ್ಚಿಯ ಕೈಗೆ ಒಂದು ಚಪ್ಪಲಿಯ ಚೀಲವನ್ನೂ ನೇತುಹಾಕಿದಳು. ದಿನವೂ ಅದನ್ನೆಲ್ಲ ದಾಟಿಕೊಂಡೇ ಎಲ್ಲರೂ ಓಡಾಡಬೇಕಾಯಿತು. ಗಂಡ ಇಬ್ಬರದೂ ಸರಿ ಎಂದ. ಒಂದು ಕಣ್ಣಿಗೆ ಪ್ಲಸ್ಸು, ಇನ್ನೊಂದಕ್ಕೆ ಮೈನಸ್ಸು ಕೊಟ್ಟೇ ಬದುಕಿದವನು ಬೇರೆ ಏನು ಹೇಳಿಯಾನು? ಬಂದೂಕು ಮನೆಯಲ್ಲೇ ಎಲ್ಲೋ ಇದ್ದರೆ ಅಷ್ಟೊಂದು ತೊಂದರೆಯೇನು, ಬಾಗಿಲಿಗೆ ಬೀಗ ಇದೆಯಲ್ಲ ಎಂದೂ ಕೇಳಿದ. ಅವಳು ಮೊಸಳೆಯ ದನಿಯಲ್ಲಿ ಒಮ್ಮೆ ಉಸಿರು ಬಿಟ್ಟಳು, ಅಷ್ಟೇ.

ಮಾವನೂ ಬಗ್ಗಲಿಲ್ಲ. ಸೊಸೆ ಬರದಿದ್ದರೆ ಬೇಡ, ಸಮುದ್ರ ಅವಳಿಗಾಗಿ ಕಾದು ಕೂತಿಲ್ಲ ಎಂದು ಚಪ್ಪಲಿ ಚೀಲಕ್ಕೆ ಕೇಳುವ ಹಾಗೆ ಹೇಳಿದರು.

ಹೊರಡುವ ಹಿಂದಿನ ದಿನ ಸಂಜೆ ಸೊಸೆ ಇದ್ದಕ್ಕಿದ್ದಂತೆ ಮೆತ್ತಗಾದಳು. ಸೋಫಾದ ಮೇಲಿನ ಬಟ್ಟೆ ಒಂದು ಬದಿಗೆ ಸರಿಸಿದಳು. ಮಾವ ಊರು ಬಿಡುವ ಮುಂಚೆ ಬೇಕಾದವರು ಬಂದು ಒಂದು ಟೀ ಕುಡಿದು ಹೋಗಲಿ ಎಂದಳು. ಮಾವನಿಗೆ ಗೆದ್ದ ಖುಷಿ. ಇಸ್ತ್ರಿಯ ಗೆರೆ ಮುರಿಯದ ಶರ್ಟು ತೊಟ್ಟು ಕುರ್ಚಿಯಲ್ಲಿ ಕೂತರು. ಟೀ ಮಾಡುವ ಕೆಲಸ ಗಂಡನ ಪಾಲಿಗೆ ಬಿತ್ತು.

ಮೊದಲು ದರ್ಜಿ ಬಂದ. ಮಾವ ಸ್ವಲ್ಪ ಬಿಗಿದುಕೊಂಡರೂ ಕೂರು ಎಂದರು. ಆಮೇಲೆ ಇಸ್ತ್ರಿಯವನು ಬಂದ. ಗಣಿತದ ಮೇಡಂ ಬಂದರು. ಕ್ಷೌರದವನು, ಔಷಧಿ ಅಂಗಡಿಯವನು, ಅಂಚೆಯವನು, ಹಿಂದಿನ ಬೀದಿಯ ನಿವೃತ್ತ ಟಿಕೆಟ್ ಕಲೆಕ್ಟರು, ಹೀಗೆ ಬರುತ್ತಲೇ ಇದ್ದರು. ಕೊನೆಗೆ ಕುರ್ಚಿ ಸಾಲದೆ ಕೆಲವರು ಸೂಟ್‌ಕೇಸಿನ ಮೇಲೆ ಕೂತರು. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಪಟ್ಟಕ್ಕೇರಿ ಇಳಿದವರು. ಪ್ರತಿಯೊಬ್ಬರೂ ತೆರೆದ ಬಾಗಿಲಿನ ಮೂಲಕ ಕೋಣೆಯ ಅಲಮಾರಿಯ ಕಡೆಗೊಮ್ಮೆ ಕಳ್ಳನೋಟ ಬೀರಿ, ಪಕ್ಕದವರೂ ಅಲ್ಲೇ ನೋಡುತ್ತಿರುವುದನ್ನು ಕಂಡು ಗಕ್ಕನೆ ಚಾವಣಿ ನೋಡತೊಡಗಿದರು. ಮಾವನ ಬೆನ್ನು ನಿಧಾನಕ್ಕೆ ಕುರ್ಚಿಯಿಂದ ಮುಂದಕ್ಕೆ ಬಂತು. ಕಟ್ಟಕಡೆಗೆ ಉದ್ದನೆಯ ಖಾಲಿ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದೂಕಿನ ಅಂಗಡಿಯವರು ಬಾಗಿಲಲ್ಲಿ ಕಾಣಿಸಿಕೊಂಡರು.

ಸೊಸೆ ಹಾಲಿನ ನಡುವೆ ಬಂದು ನಿಂತಳು. ಗಂಟಲನ್ನು ಎರಡು ಸಲ ಕೆರೆದಳು. ಅದು ಅವಳ ಗಂಟಲಾಗಿರಲಿಲ್ಲ. ಕತ್ತು ಒಂದು ಕಡೆ ವಾಲಿತು, ಅಂಗೈ ಬಾಯಿಗೆ ಅಡ್ಡ ಬಂತು, ದನಿ ಹಳೆಯ ಕಾವಲುಗಾರನ ಪಿಸುಮಾತಾಗಿ ಇಳಿಯಿತು.

"ನಿಮಗೊಬ್ರಿಗೇ ಹೇಳ್ತಿದೀನಿ," ಎಂದಳು. "ಗೋಡೆಗೂ ಗೊತ್ತಾಗಬಾರದು. ಬಂದೂಕು ಎಲ್ಲಿದೆ ಅಂತ ಗೊತ್ತಿರೋರು ಸ್ವಲ್ಪ ಕೈ ಎತ್ತಿ."

 ಮೊದಲು ದರ್ಜಿಯ ಕೈ, ಅದರ ಹಿಂದೆ ಮೇಡಂ ಕೈ, ಆಮೇಲೆ ತರಗತಿಯಲ್ಲಿ ಉತ್ತರ ಗೊತ್ತಿರುವ ಮಕ್ಕಳ ಹಾಗೆ ಎಲ್ಲರ ಕೈಗಳೂ ಮೇಲೆದ್ದವು. ಕೈ ಎತ್ತಿದವರು ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಯಲ್ಲಿ ಆಶ್ಚರ್ಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಮಾವ ಎದ್ದು ನಿಂತರು. ಮುಖ ಕಪ್ಪಿಟ್ಟಿತ್ತು. ಮನೆಗೆ ಕರೆದು ಮಾನ ಕಳೆಯುವುದನ್ನು ಯಾವ ಕಾರ್ಟೂನಿನಲ್ಲಿ ಕಲಿತಳೆಂದು ಕೇಳಿದರು. ಬಂದೂಕು ತಮ್ಮದು, ಮನೆ ತಮ್ಮದು, ಹೊರಗಿಂದ ಬಂದವಳು ಅದರಲ್ಲಿ ತಲೆ ಹಾಕಬೇಕಾಗಿಲ್ಲ ಎಂದರು.

"ಬಂದೂಕು ನಿಮ್ಮದೇ, ಮನೇನೂ ನಿಮ್ಮದೇ," ಎಂದಳು ಸೊಸೆ, ಈಗ ತನ್ನದೇ ದನಿಯಲ್ಲಿ. "ನಾಳೆ ಬರೋ ಮಕ್ಕಳೂ ನಿಮ್ಮ ಮಗಳ ಮಕ್ಕಳೇ. ನಾನೊಬ್ಬಳೇ ಹೊರಗಿನವಳು. ಆಗಲಿ, ಹೊರಗಿನವಳೇ ಹೇಳ್ತಿದೀನಿ. ಅದು ಈ ಚೀಲಕ್ಕೆ ಹೋಗಬೇಕು. ಇಲ್ಲಾಂದ್ರೆ ನೀವೆಲ್ಲ ಸಮುದ್ರಕ್ಕೆ ಹೋಗಿ, ನಾನು ಆ ಅಲಮಾರಿ ಕೆಳಗೆ ಚಾಪೆ ಹಾಸ್ಕೊಂಡು ಮಲಗಿರ್ತೀನಿ. ಕಾವಲು ಅಂದ್ರೆ ಏನು ಅಂತ ನಿಮ್ಮಿಂದಾನೇ ಕಲಿತದ್ದು."

"ಗೊತ್ತಿದ್ರೆ ಏನಾಯ್ತು?" ಮಾವ ಕೈ ಎತ್ತಿದವರ ಕಡೆ ತಿರುಗಿದರು. "ಯಾರಾದ್ರೂ ಮುಟ್ಟಿದೀರಾ? ನಾನು ಕಟ್ಟಿದ ಗಂಟು ಬಿಚ್ಚೋ ಧೈರ್ಯ ಯಾರಿಗಿದೆ? ಇರಿ, ತೋರಿಸ್ತೀನಿ."

ದಾಪುಗಾಲಿನಲ್ಲಿ ಕೋಣೆಗೆ ಹೋಗಿ ಸ್ಟೂಲು ಹತ್ತಿ ಜಮಖಾನವನ್ನು ಇಳಿಸಿ ತಂದರು. ಊಟದ ಮೇಜಿನ ಮೇಲೆ ಧೊಪ್ಪನೆ ಇಟ್ಟರು. ಧೂಳು ಎದ್ದಿತು. ಹಗ್ಗದ ಮೇಲೆ ಕೈಯಿಟ್ಟವರು ಹಾಗೇ ನಿಂತುಬಿಟ್ಟರು.

ಅಣೆಕಟ್ಟಿನಲ್ಲಿ ದೋಣಿ ಕಟ್ಟಿಹಾಕಲು ಕಲಿತ ಗಂಟು ಅವರದು. ಎಳೆದಷ್ಟೂ ಬಿಗಿಯುವಂಥದು. ಮೇಜಿನ ಮೇಲಿದ್ದದ್ದು ಶಾಲೆಗೆ ಹೋಗುವ ಮಕ್ಕಳು ಬೂಟಿನ ಲೇಸಿಗೆ ಹಾಕುವ, ಎರಡು ಕಿವಿ ಬಿಟ್ಟುಕೊಂಡ ಗಂಟು.

ಮಾವ ಒಂದು ಕಿವಿ ಹಿಡಿದು ಎಳೆದರು. ಸುಲಭವಾಗಿ ಬಿಚ್ಚಿಕೊಂಡಿತು. ಜಮಖಾನದ ಮಡಿಕೆ ಸರಿದು ಬಂದೂಕು ಹೊರಬಂದಾಗ ಮರದ ಹಿಡಿಯ ಮೇಲೆ ಒಂದು ಹಳದಿ ನಕ್ಷತ್ರದ ಸ್ಟಿಕ್ಕರು ಅಂಟಿಕೊಂಡಿತ್ತು. ಮಕ್ಕಳು ಹಿಂದಿನ ಸಲ ಬಂದಾಗ ಫ್ರಿಜ್ಜಿಗೆ, ಕನ್ನಡಿಗೆ, ನಿದ್ದೆ ಮಾಡುತ್ತಿದ್ದ ಅಜ್ಜನ ಬಕ್ಕತಲೆಗೆ ಅಂಟಿಸಿದ್ದವೂ ಇಂಥವೇ ನಕ್ಷತ್ರಗಳು.

 ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಮಾವ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ಒಳಗೆ ನೋಡಿದರು. ಖಾಲಿಯಾಗಿತ್ತು. ಮತ್ತೆ ನೋಡಿದರು, ಬೆರಳು ಹಾಕಿ ನೋಡಿದರು.  ಸೊಸೆ ತೋಟಾಗಳಿದ್ದ ಬೂಟ್ ಪಾಲಿಶ್ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು, ಅಷ್ಟೇ.

"ಚೀಲ ಕೊಡಿ," ಎಂದರು ಮಾವ, ಅಂಗಡಿಯವರಿಗೆ. ಚೀಲವನ್ನು ಮೇಜಿನ ಮೇಲೆ ಬಿಡಿಸುತ್ತ, "ರಜೆ ಮುಗಿದ್ಮೇಲೂ ಅಲ್ಲೇ ಇರಲಿ," ಎಂದರು. "ಗೋಡೆಗೆ ಬೋಲ್ಟ್ ಹಾಕಿದ ಕಪಾಟು ನಾನೂ ಒಂದು ಮಾಡಿಸೋ ತನಕ."

ಆ ಹೊತ್ತಿಗೆ ಸರಿಯಾಗಿ ಗಂಡ ಅಡುಗೆಮನೆಯಿಂದ ಟೀ ಲೋಟಗಳ ಟ್ರೇ ಹಿಡಿದು ಹೊರಬಂದ. ಕುದಿಯುವ ನೀರಿನ ಸದ್ದಿನಲ್ಲಿ ಅವನಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಕನ್ನಡಕದ ಮೇಲೆಲ್ಲ ಹಬೆ. ಮೇಜಿನ ಮೇಲೆ ಬಂದೂಕು ಕಂಡು ಗಕ್ಕನೆ ನಿಂತ.

"ಇದು ಎಲ್ಲಿತ್ತು?" ಎಂದ.

"ನಿಮ್ಮ ಕೋಣೇಲಿ ಸಾರ್," ಎಂದ ದರ್ಜಿ. "ನಿಮ್ಮ ಅಲಮಾರಿ ಮೇಲೆ. ನೀವು ಮಲಗೋ ಮಂಚದ ಎದುರಿಗೇ."

ಗಂಡ ಸುತ್ತಲೂ ನೋಡಿದ. ಇಸ್ತ್ರಿಯವನು ಹೌದೆಂದು ತಲೆಯಾಡಿಸಿದ. ಅಂಚೆಯವನೂ ತಲೆಯಾಡಿಸಿದ. ಗಂಡ ಹೆಂಡತಿಯನ್ನು ನೋಡಿದ, ಅವಳು ಚಾವಣಿ ನೋಡಿದಳು.

"ಇಷ್ಟು ಜನಕ್ಕೆ ಗೊತ್ತಿತ್ತಾ? ನನಗೊಬ್ಬನಿಗೆ ಯಾಕಪ್ಪಾ ಹೇಳಲಿಲ್ಲ?"

"ನಿನ್ನ ಬಾಯಿ ಸಡಿಲ, ಬೀದಿಗೆಲ್ಲ ಗೊತ್ತಾಗ್ಬಿಡುತ್ತೆ ಅಂತ," ಎಂದರು ಮಾವ ಗಂಭೀರವಾಗಿ.

ಮಾತು ಬಾಯಿಂದ ಬಿದ್ದ ಮೇಲೆ ಅದು ಅವರ ಕಿವಿಗೇ ತಲುಪಲು ಒಂದು ಗಳಿಗೆ ಹಿಡಿಯಿತು. ತಲೆಯೆತ್ತಿ ನೋಡಿದರು. ಹಾಲಿನ ತುಂಬ, ಸೂಟ್‌ಕೇಸಿನ ಮೇಲೂ ಬಿಡದೆ, ಇಡೀ ಬೀದಿ ಬಾಯಿ ಬಿಗಿಹಿಡಿದು ಕೂತಿತ್ತು, ಸಾಹೇಬರು ಎಲ್ಲಿ ಸಿಟ್ಟಾಗುತ್ತಾರೋ ಎಂದು. ಮಾವನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಮೇಜಿನ ಅಂಚು ಹಿಡಿದುಕೊಂಡರು, ಕೈ ಸೋತಿತು, ಸೋಫಾದ ಮೇಲೆ ಸೊಸೆಯ ಟವಲುಗಳ ಮಧ್ಯೆ ಕುಸಿದು ಕೂತು ಒಂದು ಟವಲಿನಿಂದಲೇ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅಪ್ಪಣೆ ಸಿಕ್ಕಂತೆ ಎಲ್ಲರೂ ನಕ್ಕರು, ಗಂಡ ಟ್ರೇ ಕೆಳಗಿಟ್ಟು ನಕ್ಕ, ಸೊಸೆ ತಾನು ಬಲ್ಲ ಅಷ್ಟೂ ಪ್ರಾಣಿಗಳ ದನಿಯಲ್ಲಿ ನಕ್ಕಳು. ಎಲ್ಲರನ್ನೂ ಮೀರಿ ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ಭೋರ್ಗರೆಯುತ್ತಿದ್ದ ಮಾವನ ನಗುವಿನಲ್ಲಿ, ಅಂಗಡಿಯವರು ಚೀಲದ ಜಿಪ್ಪನ್ನು ಕೊನೆಯವರೆಗೆ ಎಳೆದ ಸದ್ದು ಯಾರಿಗೂ ಕೇಳಿಸಲಿಲ್ಲ.