ಎಡಗಡೆಯವನು

“ಗಾಳಿ ಚೆನ್ನಾಗಿ ಬರ್ತಿದೆ ಅಳಿಯಂದ್ರೇ,” ಎಂದರು ಅತ್ತೆ.

ಜೀಪಿನ ಮೂತಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೊಸದಾಗಿ ಕೂರಿಸಿದ ಎಂಜಿನ್ ಬಾನೆಟ್ಟಿನೊಳಗೆ ಗುಡುಗುಡು ಅನ್ನುತ್ತಿತ್ತು. ರೇಡಿಯೇಟರಿನ ಜಾಲರಿಯಿಂದ ಹೊರಟ ಗಾಳಿಗೆ ಅವರ ನರೆಗೂದಲು ಹಾರುತ್ತಿತ್ತು. ಅಳಿಯ ಸ್ಪ್ಯಾನರ್ ಕೆಳಗಿಟ್ಟು ನಿಂತ. ಈ ಮನೆಗೆ ಬಂದ ಎರಡು ವರ್ಷದಲ್ಲಿ ಅತ್ತೆಯ ಬಾಯಿಂದ ‘ಚೆನ್ನಾಗಿ’ ಎಂಬ ಮಾತು ತನ್ನ ಕಡೆಗೆ ಬಂದದ್ದು ಇದೇ ಮೊದಲು. ಜೀಪಿನ ಫ್ಯಾನು ಗಾಳಿಯನ್ನು ಒಳಕ್ಕೆಳೆಯಬೇಕೇ ಹೊರತು ಎದುರಿಗೆ ಕೂತವರಿಗೆ ಬೀಸಬಾರದು. ಅದು ಅವನಿಗೆ ಹೊಳೆಯಬೇಕಿತ್ತು. ಒಂದು ಒಳ್ಳೆ ಮಾತಿಗೆ ಹಸಿದು ಕೂತವನಿಗೆ ಅಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ? “ಇನ್ನೂ ಸ್ವಲ್ಪ ರೇಸ್ ಮಾಡ್ಲಾ ಅತ್ತೆ?” ಎಂದು ಕೇಳಿದ.

ಬೀದಿಯವರು ಅವನನ್ನು ಲಾಂಚಣ್ಣ ಎನ್ನುತ್ತಿದ್ದರು. ಹೊಳೆ ದಾಟಿಸುವ ಲಾಂಚಿನ ಎಂಜಿನ್ ಕೋಣೆಯಲ್ಲಿ ಹದಿನೈದು ವರ್ಷ ಕಳೆದವನು. ಸೇತುವೆ ಆಯಿತು, ಲಾಂಚು ದಡ ಸೇರಿತು, ಅವನು ಹೆಂಡತಿಯ ತವರು ಸೇರಿ ಮನೆ ಅಳಿಯನಾದ. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಕೈಯಲ್ಲಿ. ಬೀದಿಗೆಲ್ಲ ಅವಳು ಡ್ರೈವರಮ್ಮ. ಅಪ್ಪ ಬಿಟ್ಟುಹೋದ ಜೀಪು, ನಾಲ್ಕೂ ಚಕ್ರ ಎಳೆಯುವ ಹಳೇ ಕಾಲದ ಗಟ್ಟಿ ಜೀವ. ಬೆಟ್ಟದ ತುದಿಯ ಟವರಿಗೆ ದಿನಾ ಬೆಳಿಗ್ಗೆ ಕೆಲಸದವರನ್ನೂ ಸಾಮಾನನ್ನೂ ಹತ್ತಿಸುವುದು, ಸಂಜೆ ಇಳಿಸುವುದು ಅವಳ ಕೆಲಸ. ಎರಡು ವರ್ಷದಿಂದ ಲಾಂಚಣ್ಣ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಂಡವನಲ್ಲ.

ಹೋದ ತಿಂಗಳು ಜೀಪಿನ ಎಂಜಿನ್ ಬಿರುಕುಬಿಟ್ಟಿತು. ಟವರಿನ ಸೂಪರ್‌ವೈಸರ್ ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿದ್ದಾರೆ. ಮುಂದಿನ ತಿಂಗಳ ಮೊದಲ ಸೋಮವಾರ ಎಂಟು ಗಂಟೆಗೆ ಗಾಡಿ ನಾಲ್ಕು ಜನರನ್ನು ಕೂರಿಸಿಕೊಂಡು ಬೆಟ್ಟ ಹತ್ತಬೇಕು, ಇಲ್ಲದಿದ್ದರೆ ಬೇರೆ ಗಾಡಿ ಗೊತ್ತುಮಾಡುತ್ತೇವೆ ಎಂದಿದ್ದರು. ಅದೇ ಜಾತಿಯ ಎಂಜಿನ್ನಿಗಾಗಿ ಡ್ರೈವರಮ್ಮ ಅಲೆಯದ ಗುಜರಿ ಇಲ್ಲ.

ಆಗ ಗಂಡ ಬಾಯಿಬಿಟ್ಟ. ಲಾಂಚಿನ ಹೊಟ್ಟೆಯಲ್ಲಿ ಎರಡು ಎಂಜಿನ್ ಸುಮ್ಮನೆ ಬಿದ್ದಿವೆ, ಬೇಕಾದ್ದು ಬಿಚ್ಚಿಕೋ ಅಂತ ಲಾಂಚಿನ ಮಾಲೀಕರು ಅಂದಿದ್ದಾರೆ ಎಂದ.

“ಬಲಗಡೆಯವನು ಬೇಡ. ಬರೀ ಹೊಗೆ, ಸೋಮಾರಿ. ಎಡಗಡೆಯವನು ಬಂಗಾರ ಕಣೇ. ಹದಿನೈದು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ.”

“ದೋಣಿ ಎಂಜಿನ್ ಜೀಪಿಗೆ ಕೂರುತ್ತಾ?”

“ಕೂರಿಸ್ತೀನಿ.”

ಕೂರಿಸಿದ. ಹನ್ನೆರಡು ದಿನ ಚೈನ್ ಪುಲ್ಲಿಗೆ ತೂಗುಹಾಕಿ ಇಳಿಸಿದ, ಎತ್ತಿದ, ಮತ್ತೆ ಇಳಿಸಿದ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಹೊಸ ತಗಡು ಕೊರೆದ, ಕೂರುವ ಕಾಲುಗಳನ್ನು ಕತ್ತರಿಸಿ ಬೆಸೆದ. ಅಂಗೈಯಲ್ಲಿ ಚರ್ಮ ಉಳಿಯಲಿಲ್ಲ. ಆದರೆ ಇಷ್ಟು ದಿನ ಕುಗ್ಗಿ ಓಡಾಡುತ್ತಿದ್ದವನು ಈಗ ಕೆಲಸ ಮಾಡುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದ. ಅದನ್ನು ಕೇಳಿ ಹೆಂಡತಿಗೆ ಸಂತೋಷವೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಅತ್ತೆ ಗಾಳಿ ಹೊಗಳಿದ ಭಾನುವಾರವೇ ಓಡಿಸಿ ನೋಡುವುದೆಂದಾಯಿತು. ಅತ್ತೆಯನ್ನು ಕುರ್ಚಿಸಮೇತ ಪಕ್ಕಕ್ಕೆ ಸರಿಸಿದರು. ಬೀದಿಯವರು ಗೇಟಿನ ಹೊರಗೆ ನಿಂತರು. ಡ್ರೈವರಮ್ಮ ಕೂತು, ಕ್ಲಚ್ ಒತ್ತಿ, ಫಸ್ಟ್ ಗೇರ್ ಹಾಕಿ ಕಾಲು ಸಡಿಲಿಸಿದಳು. ಗೇಟಿನ ಕಡೆಗೆ ಹೋಗಬೇಕಿದ್ದ ಜೀಪು ಗಕ್ಕನೆ ಹಿಂದಕ್ಕೆ ಹಾರಿ ಬಚ್ಚಲ ಗೋಡೆಗೆ ಗುದ್ದಿತು. ಎರಡು ಇಟ್ಟಿಗೆ ಉದುರಿದವು.

ಗೇರ್ ತಪ್ಪಿತೇನೋ ಎಂದು ಅವಳು ನೋಡಿ ಮತ್ತೆ ಹಾಕಿದಳು. ಮತ್ತೆ ಗೋಡೆಗೇ ಹೋಯಿತು. ಗೇಟಿನ ಹೊರಗೆ ಯಾರೋ, “ಲಾಂಚಣ್ಣ, ಮೊದಲು ಲಂಗರು ಹಾಕಪ್ಪ,” ಎಂದರು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು.

ಲಾಂಚಣ್ಣ ನಿಂತಲ್ಲೇ ಕುಕ್ಕರಿಸಿದ. ಲಾಂಚು ನೇರ ಹೋಗಬೇಕಾದರೆ ಅದರ ಎರಡು ಎಂಜಿನ್ ಒಂದಕ್ಕೊಂದು ವಿರುದ್ಧ ತಿರುಗಬೇಕು. ಬಲಗಡೆಯದು ಎಲ್ಲ ಗಾಡಿಗಳ ಹಾಗೆ, ಎಡಗಡೆಯದು ಉಲ್ಟಾ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಹದಿನೈದು ವರ್ಷ ದಿನಾ ಕಣ್ಣಾರೆ ಕಂಡದ್ದು. ಒಳ್ಳೆಯವನು ಯಾರು ಅಂತ ಯೋಚಿಸಿದ್ದ, ಯಾವ ಕಡೆ ತಿರುಗುತ್ತಾನೆ ಅಂತ ಯೋಚಿಸಿರಲಿಲ್ಲ. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಹೆಂಡತಿಗೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಸರಿಮಾಡಲು ಬರುತ್ತದೆ, ಹಿಂದಿನ ಮುಂದಿನ ಎರಡೂ ಆಕ್ಸಲ್ ಬಿಚ್ಚಿ ಮಗುಚಿ ಹಾಕಬೇಕು, ಏನಿಲ್ಲವೆಂದರೂ ಹತ್ತು ದಿನ. ಅಲ್ಲಿಯವರೆಗೆ ಮೂರು ಗೇರ್ ಹಿಂದಕ್ಕೆ, ರಿವರ್ಸ್ ಒಂದೇ ಮುಂದಕ್ಕೆ.

ಅತ್ತೆಯ ಕಿವಿ ಚುರುಕು. “ಮುಂದಕ್ಕೆ ಒಂದು, ಹಿಂದಕ್ಕೆ ಮೂರು. ನಮ್ಮನೆ ಸಂಸಾರಕ್ಕೆ ಅಳತೆ ತಗೊಂಡು ಮಾಡಿದ ಹಾಗಿದೆ ಅಳಿಯಂದ್ರೇ,” ಎಂದರು. ಅವರಿಗೆ ಸಿಟ್ಟು ಏರಿದಷ್ಟೂ ಮರ್ಯಾದೆ ಹೆಚ್ಚುತ್ತಿತ್ತು.

“ಸೂಪರ್‌ವೈಸರ್ ಹತ್ರ ನಾನೇ ಹೋಗಿ ಹೇಳ್ತೀನಿ,” ಎಂದ ಅವನು. “ತಪ್ಪು ನಂದು, ಅವಳದ್ದಲ್ಲ ಅಂತ.”

“ಹೇಳಿದ್ರೆ ಕೆಲಸ ಉಳಿಯುತ್ತಾ?” ಡ್ರೈವರಮ್ಮನಿಗೆ ಕೋಪ ಬಂದಿತ್ತು. ಹನ್ನೆರಡು ದಿನ ಅವನ ಗುನುಗು ಕೇಳಿ ತಾನೂ ಕನಸು ಕಟ್ಟಿದ್ದಳಲ್ಲ, ಅದಕ್ಕೇ ಇನ್ನಷ್ಟು. ಸ್ಟಿಯರಿಂಗ್ ಬಿಡದೆ ಕೂತೇ ಇದ್ದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋದರು.

ಆಮೇಲೆ ಅವಳು ರಿವರ್ಸ್ ಹಾಕಿದಳು. ಜೀಪು ಗೋಡೆ ಬಿಟ್ಟು, ಗೇಟು ದಾಟಿ, ಬೀದಿಯ ಕೊನೆಯವರೆಗೆ ಹೋಗಿ, ಸುತ್ತಿಕೊಂಡು ಬಂದು ಮೊದಲಿನ ಜಾಗದಲ್ಲೇ ನಿಂತಿತು. ತುಂಬ ಹೊತ್ತು ಹಿಡಿಯಿತು.

“ರೀ, ಬೆಟ್ಟದ ದಾರೀಲಿ ನಾನು ಫಸ್ಟ್ ಬಿಟ್ಟು ಬೇರೆ ಗೇರ್ ಹಾಕಿದ್ದು ಯಾವತ್ತು?”

ಅವನು ತಲೆಯೆತ್ತಿದ.

“ರಿವರ್ಸ್ ಅದಕ್ಕಿಂತ ಗಟ್ಟಿ ಅಲ್ವಾ? ಹತ್ತಲ್ವಾ ಮತ್ತೆ?”

“ಹತ್ತುತ್ತೆ,” ಎಂದ. “ಆದ್ರೆ ಫ್ಯಾನೂ ಉಲ್ಟಾ ಬೀಸ್ತಿದೆ. ಅರ್ಧ ದಾರೀಲೇ ನೀರು ಕುದಿಯುತ್ತೆ.”

“ಅದು ನಿಮ್ಮ ಕೆಲಸ,” ಎಂದಳು.

ಅವನು ಫ್ಯಾನ್ ಬಿಚ್ಚಿದ. ತಗಡಿನ ಆರು ರೆಕ್ಕೆಗಳನ್ನು ಒಂದೊಂದಾಗಿ ವೈಸ್‌ನಲ್ಲಿ ಕಚ್ಚಿಸಿ, ಮುರಿಯದ ಹಾಗೆ ಉಸಿರು ಬಿಗಿಹಿಡಿದು, ಇನ್ನೊಂದು ಮಗ್ಗುಲಿಗೆ ಬಗ್ಗಿಸಿದ. ದೀಪ ಹಚ್ಚುವ ಹೊತ್ತಿಗೆ ಎಂಜಿನ್ ಶುರುಮಾಡಿ ಒಂದು ಹಾಳೆ ಪೇಪರನ್ನು ಜಾಲರಿಯ ಮುಂದೆ ಹಿಡಿದರು. ಪೇಪರು ಸರಕ್ಕನೆ ಹೋಗಿ ಜಾಲರಿಗೆ ಅಂಟಿಕೊಂಡಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಅತ್ತೆ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ಅವನು ಜೊತೆಗೆ ಬರುವುದಿಲ್ಲ ಎಂದ. ನಾಲ್ಕು ಜನರ ಎದುರು ಮತ್ತೆ ನಗೆಪಾಟಲಾಗುವುದು ಅವನಿಂದ ಆಗುತ್ತಿರಲಿಲ್ಲ. ಡ್ರೈವರಮ್ಮ ಬಲವಂತ ಮಾಡಲಿಲ್ಲ.

ಹಿಂದೆ ಮೂವರು ಕೆಲಸದವರು, ಮುಂದೆ ಸೂಪರ್‌ವೈಸರ್, ಅವರ ತೊಡೆಯ ಮೇಲೆ ಟವರಿನ ಸಾಮಾನಿನ ಪೆಟ್ಟಿಗೆ. ಮೂರನೆಯ ತಿರುವಿನಲ್ಲಿ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಜೀಪನ್ನು ಹಿಂದೆಹಾಕಿ ಹೋದಳು.

“ಏನಮ್ಮ ಇದು, ಗೇರ್ ಬದಲಾಯಿಸಲ್ವಾ?” ಎಂದರು ಸೂಪರ್‌ವೈಸರ್.

ಸುಳ್ಳು ಹೇಳಬೇಕೆಂದುಕೊಂಡೇ ಬಂದಿದ್ದಳು. ಬಾಯಿ ಬರಲಿಲ್ಲ. “ಇರೋದೇ ಒಂದು ಸಾರ್,” ಎಂದು ಶುರುಮಾಡಿ ಲಾಂಚು, ಎಡಗಡೆ, ಬಚ್ಚಲ ಗೋಡೆ ಎಲ್ಲವನ್ನೂ ಹೇಳಿದಳು. ಹಿಂದೆ ಕೂತವರು ನಕ್ಕರು. ಸೂಪರ್‌ವೈಸರ್ ನಗಲಿಲ್ಲ. ಟೆಂಪರೇಚರ್ ಮುಳ್ಳನ್ನೂ ಗಡಿಯಾರವನ್ನೂ ನೋಡುತ್ತ ಕೂತರು.

ತುದಿಯಲ್ಲಿ ಇಳಿದು ಅವರು ಪೆಟ್ಟಿಗೆ ತೆರೆದು ನೋಡಿದರು, ರೇಡಿಯೇಟರ್ ಮುಟ್ಟಿ ನೋಡಿದರು.

“ಎಂಟಕ್ಕೆ ಹೊರಟ್ರೆ ಆಗಲ್ಲಮ್ಮ,” ಎಂದರು. ಪೆಟ್ಟಿಗೆ ಮುಚ್ಚಿದರು. “ನಾಳೆಯಿಂದ ಏಳಕ್ಕೇ ಹೊರಡಿ.”

ಒಬ್ಬಳೇ ಇಳಿಯುವಾಗಲೂ ಅದೇ ಗೇರ್. ಬೆಟ್ಟದ ಬುಡದ ಕಲ್ಲಿನ ಹತ್ತಿರ ಗಂಡ ನಿಂತಿದ್ದ. ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಸ್ಪ್ಯಾನರಿನ ಚೀಲ. ಮನೆಯಲ್ಲಿ ಕೂರಲಾಗದೆ ಮೂರು ಮೈಲಿ ನಡೆದು ಬಂದಿದ್ದ. ಜೀಪು ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಅವನು ಪಕ್ಕದಲ್ಲಿ ಹೆಜ್ಜೆ ಹಾಕಿದ.

“ನೀರು ಕುದೀತಾ?”

“ಇಲ್ಲ.”

“ಏನಂದ್ರು?”

“ನಾಳೆಯಿಂದ ಏಳಕ್ಕೆ ಬರಬೇಕಂತೆ.”

ಸ್ವಲ್ಪ ದೂರ ಹೋದ ಮೇಲೆ ಅವನು ತೋಳಿನಿಂದ ಮುಖ ಒರೆಸಿಕೊಂಡ. ಅವಳು ಕೈಚಾಚಿ ಕ್ಯಾನನ್ನೂ ಚೀಲವನ್ನೂ ಒಳಗೆ ತೆಗೆದುಕೊಂಡಳು.

“ಹತ್ತಿ ರೀ.”

“ಇರಲಿ, ನಡೀತೀನಿ.”

ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ಬೇಸತ್ತು ಸುತ್ತುಹಾಕಿ ಮುಂದೆ ಹೋಯಿತು. ಅವನು ಬಿಸಿಯಾದ ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು ಜೀಪಿನ ಜೊತೆಗೇ ನಡೆಯುತ್ತಿದ್ದ.